ಮಾಯದ ಗಾಯದ ವಿಷಯವಾಗಿ

ಸುಳ್ಳದ ಎರೆಹೊಲಗಳಲ್ಲಿ ಜೋಳವನ್ನು ಕೊಯ್ಯುವ ಕಾಲಕ್ಕೆ ಕುಡಗೋಲು ತಾಗುವದೂ ಕೂಳೆಯು ಅಂಗಾಲಿಗೆ ನಡುವದೂ ಅಪರೂಪವಲ್ಲ. ಒಬ್ಬನ ಗಾಯವು ಎರಡು ವಾರಗಳಲ್ಲಿ ಮಾಯುತ್ತದೆ. ಮತ್ತೊಬ್ಬನದು ತಿಂಗಳುಗಟ್ಟಲೆ ಹಸಿಯಾಗಿಯೇ ಇರುತ್ತದೆ. ಆಗ ಕಟ್ಟೆಯ ಮೇಲೆ ಕೂತವರು, ಇವನ ಪಾಪವೇ ಇವನನ್ನು ಹಿಡಿದಿದೆ ಎಂದು ತೀರ್ಪು ಹೇಳುವದುಂಟು. ಪ್ರಿಯ ವಾಚಕರೇ, ಈ ತೀರ್ಪು ನ್ಯಾಯವಾದದ್ದೋ ಎಂಬದನ್ನು ವಿಚಾರಿಸೋಣ.

ಮೊದಲು ಗಾಯವು ಮಾಯುವ ಕ್ರಮವನ್ನು ನೋಡೋಣ. ಚರ್ಮವು ಹರಿದ ಕೂಡಲೇ ರಕ್ತವು ಹೆಪ್ಪುಗಟ್ಟಿ ಗಾಯದ ಬಾಯಿಯನ್ನು ಮುಚ್ಚುವದು. ಬಳಿಕ ರಕ್ತದೊಳಗಣ ಬಿಳಿಯ ಕಣಗಳು ಅಲ್ಲಿಗೆ ಕೂಡಿಬಂದು ಕ್ರಿಮಿಗಳನ್ನೂ ಸತ್ತ ಮಾಂಸವನ್ನೂ ತೆಗೆದುಹಾಕುವವು. ಮೊದಲ ಕೆಲವು ದಿವಸ ಕೆಂಪೂ ಬಾವೂ ಕಾಣುವದು ಇದರಿಂದಲೇ. ತರುವಾಯ ತಳದಿಂದ ಹೊಸ ಮಾಂಸವು ಬೆಳೆಯುವದು, ಅಂಚುಗಳಿಂದ ಹೊಸ ಚರ್ಮವು ಬಂದು ಅದನ್ನು ಹೊದಿಸುವದು. ಕಲೆಯು ಒಂದು ವರುಷದ ವರೆಗೆ ಗಟ್ಟಿಯಾಗುತ್ತಾ ಹೋದರೂ ಮೊದಲಿನ ಚರ್ಮದ ಬಲದಲ್ಲಿ ನೂರಕ್ಕೆ ಸುಮಾರು 80ನ್ನು ಮೀರದು. ಇವುಗಳಲ್ಲಿ ಒಂದನ್ನಾದರೂ ರೋಗಿಯು ತನ್ನ ಚಿತ್ತದಿಂದ ಮಾಡುವದಿಲ್ಲ, ವೈದ್ಯನೂ ಮಾಡುವದಿಲ್ಲ. ಸಜ್ಜನನ ಮಾಂಸವೂ ದುರ್ಜನನ ಮಾಂಸವೂ ಒಂದೇ ರೀತಿಯಲ್ಲಿ ಕೂಡುವದು.

ಮನುಷ್ಯನ ಪಾಲಿಗೆ ಬಂದದ್ದು ಅಡ್ಡಿಯನ್ನು ತೆಗೆಯುವ ಕೆಲಸವೇ. 16ನೆಯ ಶತಮಾನದ ಐರೋಪ್ಯ ವೈದ್ಯರು ಗುಂಡಿನ ಗಾಯಗಳಿಗೆ ಕುದಿಯುವ ಎಣ್ಣೆಯನ್ನು ಹೊಯ್ಯುತ್ತಿದ್ದರು. ಸುಮಾರು 1537ರಲ್ಲಿ ಯುದ್ಧರಂಗದೊಳಗೆ ಆ ಎಣ್ಣೆಯು ತೀರಿಹೋಗಲು, ಫ್ರಾನ್ಸ್ ದೇಶದ ಅಂಬ್ರಾಸ್ ಪಾರೆ ಎಂಬವನು ತತ್ತಿಯ ಹಳದಿಯನ್ನು ಗುಲಾಬಿ ಎಣ್ಣೆ, ಟರ್ಪೆಂಟೈನುಗಳೊಂದಿಗೆ ಕಲಸಿ ಹಚ್ಚಿದನು. ಮರುದಿವಸ ನೋಡಲಾಗಿ, ಎಣ್ಣೆ ಹೊಯ್ಯಿಸಿಕೊಂಡವರು ಜ್ವರದಿಂದ ನರಳುತ್ತಿದ್ದರು, ಉಳಿದವರು ಸುಖವಾಗಿದ್ದರು. ಗಾಯಕ್ಕೆ ಮಣ್ಣು, ಸಗಣಿ ಹಚ್ಚುವವರು ಇದನ್ನು ನೆನಸಲಿ. ಧನುರ್ವಾಯುವಿನ ಕ್ರಿಮಿಯು ಇವೆರಡರಲ್ಲಿಯೂ ಇರುವದು. ಗಾಯವನ್ನು ಶುದ್ಧ ನೀರಿನಿಂದ ತೊಳೆದು, ಶುಭ್ರವಾದ ಬಟ್ಟೆಯನ್ನು ಕಟ್ಟಿ, ಬೇಗನೆ ದವಾಖಾನೆಗೆ ಹೋಗಿ ಸೂಜಿಮದ್ದಿನ ವಿಷಯವಾಗಿ ವಿಚಾರಿಸತಕ್ಕದ್ದು.

ಹಾಗಾದರೆ ಗಾಯವು ಯಾಕೆ ಮಾಯದು? ಸಕ್ಕರೆ ರೋಗವಿದ್ದರೆ ಪಾದದ ನರಗಳು ಜಡವಾಗಿ, ರಕ್ತದ ಹರಿವು ಕಡಿಮೆಯಾಗುವದು. ಮುಳ್ಳು ನಟ್ಟದ್ದೂ ತಿಳಿಯದು. ಬೀಡಿಯು ರಕ್ತನಾಳಗಳನ್ನು ಕುಗ್ಗಿಸುವದು. ಬೇಳೆ, ಹಾಲು, ತತ್ತಿಗಳಿಲ್ಲದ ಊಟದಿಂದ ಮಾಂಸವು ಬೆಳೆಯುವದು ತಡವಾಗುವದು. ಮನಸ್ಸಿನ ಭಾರವೂ ಇದಕ್ಕೆ ಸೇರಿದೆ. ಅಮೇರಿಕದ ಓಹಾಯೋದಲ್ಲಿ ಬುದ್ಧಿ ಮಂಕಾದ ಬಂಧುಗಳನ್ನು ಸಾಕುತ್ತಿದ್ದ 13 ಮಂದಿ ಸ್ತ್ರೀಯರನ್ನೂ ಅಂಥ ಭಾರವಿಲ್ಲದ 13 ಮಂದಿಯನ್ನೂ ಪರೀಕ್ಷಿಸಿ 1995ರಲ್ಲಿ ಪ್ರಕಟಿಸಿದರು: ಒಂದೇ ಅಳತೆಯ ಚಿಕ್ಕ ಗಾಯವು ಮೊದಲಿನವರಲ್ಲಿ ಸುಮಾರು 9 ದಿವಸ ತಡವಾಗಿ ಮಾಯಿತು.

ಬೀಡಿ ಸೇದುವದು ಅವನದೇ ತಪ್ಪಲ್ಲವೋ ಎಂದು ಒಬ್ಬನು ಕೇಳಾನು. ಹೌದು, ಅದನ್ನು ಅವನಿಗೆ ಪ್ರೀತಿಯಿಂದ ಹೇಳತಕ್ಕದ್ದು. ಆದರೆ ಕಾಲನ್ನು ಊರಬೇಡವೆಂದು ವೈದ್ಯರು ಹೇಳಿದಾಗ, ದಿನಗೂಲಿಯವನ ಮನೆಯಲ್ಲಿ ಒಲೆ ಉರಿಯುವದು ಹೇಗೆ? ಅವನು ಹೊಲಕ್ಕೆ ಹೋದರೆ ಗಾಯವು ಮತ್ತೆ ಒಡೆಯುವದು; ಹೋಗದಿದ್ದರೆ ಮಕ್ಕಳು ಹಸಿಯುವರು. ಇದು ಅವನೊಬ್ಬನ ಪಾಪವೆಂದು ಹೇಳುವ ಧೈರ್ಯ ನಮಗೆ ಉಂಟೋ?

ಸಮಾರ್ಯದವನು ದಾರಿಯಲ್ಲಿ ಬಿದ್ದವನ ಗಾಯಗಳನ್ನು ಕಟ್ಟಿದ್ದನ್ನು ನಾವೆಲ್ಲರೂ ಬಲ್ಲೆವು. ಅವನು ಚಾವಡಿಯವನಿಗೆ ಹಣವನ್ನೂ ಕೊಟ್ಟು ಹೋದನೆಂಬದನ್ನು ಮಾತ್ರ ಮರೆಯುತ್ತೇವೆ. ಗಾಯವು ಮಾಯುವದಕ್ಕೆ ದಿವಸಗಳು ಬೇಕೆಂದೂ ಆ ದಿವಸಗಳಿಗೆ ವೆಚ್ಚವುಂಟೆಂದೂ ಅವನು ತಿಳಿದಿದ್ದನು. ಆದದರಿಂದ ನಮ್ಮ ನೆರೆಯವನ ಗಾಯವು ಹಸಿಯಾಗಿಯೇ ಇರುವದಾದರೆ, ಅವನು ಏನು ಮಾಡಿದನೆಂದು ಕೇಳುವದಕ್ಕಿಂತ ಮುಂಚೆ, ಅವನನ್ನು ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಕರಕೊಂಡು ಹೋಗುವವರು ಯಾರು, ಅವನ ಮನೆಗೆ ಜೋಳವನ್ನು ಅಳೆದು ಕೊಡುವವರು ಯಾರು ಎಂದು ನಮ್ಮನ್ನು ನಾವೇ ಕೇಳಿಕೊಳ್ಳೋಣ.