ಎರವಲು ಅಂಗಿ, ಎರವಲು ಉತ್ತರ

ಹೋದ ವಾರ ಪ್ರಾರ್ಥನೆ ಮುಗಿದ ಮೇಲೆ ನಮ್ಮ ಸಭೆಯ ಒಬ್ಬ ತಂಗಿ ಬಂದು ಕೇಳಿದಳು: "ಪಾಸ್ಟರ್, ಇಂಗ್ಲೆಂಡಿನ ಮೆಡಿಕಲ್ ಕಾಲೇಜಿನ ಇಂಟರ್‌ವ್ಯೂ ಇದೆ. ಬ್ಲೇಜರ್ ಹಾಕ್ಕೊಂಡು, ಉತ್ತರ ರೆಡಿ ಮಾಡ್ಕೊಂಡು ಹೋಗೋದು ಒಂಥರ ಮೋಸ ಅಲ್ವಾ?"

ಇಲ್ಲಿ ಈಗ ಎಂಬಿಬಿಎಸ್‌ಗೆ ನೀಟ್ ಅಂಕ ನೋಡ್ತಾರೆ. 720ಕ್ಕೆ ಎಷ್ಟು ಬಂತು ಅನ್ನೋದೇ ಮುಖ್ಯ, ಅಂಗಿಗೆ ಇಸ್ತ್ರಿ ಇದೆಯಾ ಅಂತ ಯಾರೂ ಕೇಳಲ್ಲ. ನೀಟ್ ಬರೋ ಮುಂಚೆ ಕೆಲವು ಕ್ರೈಸ್ತ ಮೆಡಿಕಲ್ ಕಾಲೇಜುಗಳು ಇಂಟರ್‌ವ್ಯೂ ಮಾಡುತ್ತಿದ್ದವು. ಅಂಥ ಒಂದಕ್ಕೆ ನಾನೂ ಹೋಗಿದ್ದೆ. ಅಣ್ಣನ ಬಿಳಿ ಅಂಗಿ, ಅಮ್ಮ ಪಾಲಿಶ್ ಮಾಡಿದ ಶೂ. "ಯಾಕೆ ಡಾಕ್ಟರ್ ಆಗಬೇಕು?" ಅಂದರು. ಸೀನಿಯರ್ ಒಬ್ಬರು ಹೇಳಿಕೊಟ್ಟಿದ್ದನ್ನೇ ಒಪ್ಪಿಸಿದೆ: "ಹಳ್ಳಿಯ ಬಡವರ ಸೇವೆ ಮಾಡಬೇಕು ಸರ್." ವಯಸ್ಸಾದ ಡಾಕ್ಟರೊಬ್ಬರು ಮೆಲ್ಲಗೆ ಕೇಳಿದರು, "ಯಾವ ಹಳ್ಳೀಲಿ ಇದ್ದು ನೋಡಿದ್ದೀಯಪ್ಪಾ?" ನನ್ನ ಬಾಯಿ ಕಟ್ಟಿಹೋಯಿತು. ನಿಜ ಹೇಳಬೇಕೆಂದರೆ, ಡಾಕ್ಟರ್ ಅಂದರೆ ಜನ ಎದ್ದು ನಿಲ್ತಾರಲ್ಲ, ನನಗೆ ಅದು ಬೇಕಿತ್ತು. ಸೀಟು ಸಿಗಲಿಲ್ಲ.

ನೋಡಿ, ಅಂಗಿಯೂ ಎರವಲು, ಉತ್ತರವೂ ಎರವಲು. ಆದರೆ ಅಂಗಿ ಸುಳ್ಳು ಹೇಳಲಿಲ್ಲ. "ನಿಮ್ಮ ಮುಂದೆ ಗೌರವದಿಂದ ಬಂದಿದ್ದೀನಿ" ಅಂದಿತು, ಅದು ನಿಜವೇ. ಉತ್ತರ ಮಾತ್ರ "ಇದು ನನ್ನ ಹೃದಯ" ಅಂದಿತು. ಸುಳ್ಳು ಇದ್ದದ್ದು ಅಲ್ಲಿ.

ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಯನ್ನು ಮುಟ್ಟುವ ಡಾಕ್ಟರ್‌ಗಳು ತೋಳು ಮೊಣಕೈವರೆಗೆ ಮಡಚಿ, ವಾಚ್ ಬಿಚ್ಚಿಡ್ತಾರೆ. ಕೈ ಚೆನ್ನಾಗಿ ತೊಳೆಯೋಕೆ, ಸೋಂಕು ಹರಡದಿರೋಕೆ. ಉಡುಪು ಅಂದರೆ ಎದುರಿಗಿರುವವರ ಕಾಳಜಿ. ಅಲ್ಲಿನ ಎಷ್ಟೋ ಕಾಲೇಜುಗಳಲ್ಲಿ ಇಂಟರ್‌ವ್ಯೂ ಒಂದೇ ಅಲ್ಲ, ಒಂದರ ಹಿಂದೊಂದು ಹಲವು ಚಿಕ್ಕ ಭೇಟಿ, ಒಂದೊಂದಕ್ಕೂ ಕೆಲವೇ ನಿಮಿಷ. ಒಂದರಲ್ಲಿ ನಟರೊಬ್ಬರು ದುಃಖದಲ್ಲಿರುವವರಾಗಿ ಕೂತಿರಬಹುದು. ಬಾಯಿಪಾಠ ಅಲ್ಲಿ ಏನು ಮಾಡುತ್ತೆ?

ಹಾಗಾದರೆ ಸಿದ್ಧತೆ ಬೇಡವೇ? ದಾವೀದನನ್ನು ನೆನಪು ಮಾಡ್ಕೊಳ್ಳಿ. ಸೌಲನ ಕವಚ ಹಾಕಿ ನೋಡಿದ, ಅಭ್ಯಾಸವಿಲ್ಲ ಅಂತ ತೆಗೆದಿಟ್ಟ. ಆದರೆ ಬರಿಗೈಲಿ ಹೋಗಲಿಲ್ಲ. ಹಳ್ಳದಲ್ಲಿ 5 ನುಣುಪು ಕಲ್ಲು ಆರಿಸಿಕೊಂಡ. ತನಗೆ ಗೊತ್ತಿದ್ದ ಕವಣೆಗೇ ಸಿದ್ಧನಾದ.

ಆ ತಂಗಿಗೆ ಹೇಳಿದೆ: "ಬ್ಲೇಜರ್ ಹಾಕ್ಕೋ ಮಗಳೇ, ಉಗುರು ಕತ್ತರಿಸ್ಕೋ. ಅಜ್ಜಿಯ ಡಯಾಲಿಸಿಸ್‌ಗೆ ಜೊತೆ ಹೋಗಿ ಕೂತಿದ್ದೀಯಲ್ಲ, ಅಲ್ಲಿ ಭಯ ಆಗಿದ್ದನ್ನೂ ಹೇಳು. ಹೇಗೆ ಹೇಳೋದು ಅಂತ ಹತ್ತು ಸಲ ಅಭ್ಯಾಸ ಮಾಡು. ಆದರೆ ನಿನಗೆ ಆಗದೇ ಇದ್ದದ್ದನ್ನ ಒಂದು ಸಲವೂ ಹೇಳಬೇಡ."

ನಿಮಗೂ ಅದೇ ಮಾತು. ಆಮೆನ್.