ಪ್ರತಿ ರಾತ್ರಿ ಬೀಳುವ ಗೋಡೆ

ಮಾಡಿದ ತಪ್ಪನ್ನು ಒಮ್ಮೆ ಒಪ್ಪಿಕೊಳ್ಳುವುದೇ ಕಷ್ಟ. ಅದನ್ನೇ ಟಿಕೆಟು ಮಾರಿ, ದೀಪ ಬೆಳಗಿಸಿ, ಸಾವಿರಾರು ಜನರ ಮುಂದೆ ರಾತ್ರಿಗೊಮ್ಮೆ ಒಪ್ಪಿಕೊಂಡರೆ ಅದು ಪಶ್ಚಾತ್ತಾಪವೋ, ವ್ಯಾಪಾರವೋ? ಇಂಗ್ಲೆಂಡಿನ ಪಿಂಕ್ ಫ್ಲಾಯ್ಡ್ ಎಂಬ ರಾಕ್ ತಂಡದ 'ದಿ ವಾಲ್' ಎಂಬ ಆಲ್ಬಂ ವೇದಿಕೆಯೇರಿದ ಕಥೆ ನಮ್ಮ ಮುಂದೆ ಈ ಪ್ರಶ್ನೆಯನ್ನಿಡುತ್ತದೆ.

1977ರ ಜುಲೈ 6ರಂದು ಕೆನಡಾದ ಮಾಂಟ್ರಿಯಲ್‌ನ ಒಲಿಂಪಿಕ್ ಕ್ರೀಡಾಂಗಣದಲ್ಲಿ, ಗದ್ದಲವೆಬ್ಬಿಸುತ್ತಿದ್ದ ಅಭಿಮಾನಿಯೊಬ್ಬನ ಮೇಲೆ ತಂಡದ ರೋಜರ್ ವಾಟರ್ಸ್ ಉಗುಳಿದರು. ಹಣ ಕೊಟ್ಟು ಹಾಡು ಕೇಳಲು ಬಂದವನ ಮೇಲೆ! ಬಳಿಕ ತಮ್ಮ ವರ್ತನೆಗೆ ತಾವೇ ನಾಚಿದರು. ತನಗೂ ಕೇಳುಗರಿಗೂ ನಡುವೆ ಗೋಡೆಯೊಂದು ಎದ್ದಿದೆ ಎನಿಸಿತು. ಆ ಗೋಡೆಯನ್ನೇ ವೇದಿಕೆಯ ಮೇಲೆ ಕಟ್ಟಿ ತೋರಿಸಿದರೆ ಹೇಗೆ ಎಂಬ ಯೋಚನೆಯಿಂದ ಹುಟ್ಟಿದ್ದು 1979ರ ನವೆಂಬರ್ ಕೊನೆಗೆ ಹೊರಬಂದ 'ದಿ ವಾಲ್'. ಅದರ ಹಾಡುಗಳೆಲ್ಲ ಸೇರಿ ಪಿಂಕ್ ಎಂಬ ಗಾಯಕನ ಒಂದೇ ಕಥೆಯಾಗುತ್ತದೆ. ಯುದ್ಧದಲ್ಲಿ ಸತ್ತ ತಂದೆ, ಮಗನನ್ನು ಸೆರಗಿನಿಂದ ಬಿಡದ ತಾಯಿ, ಮಕ್ಕಳನ್ನು ಹೀಯಾಳಿಸುವ ಮೇಷ್ಟರು, ಮುರಿದ ದಾಂಪತ್ಯ, ಒಂದೊಂದೂ ಅವನ ಗೋಡೆಯ ಒಂದೊಂದು ಇಟ್ಟಿಗೆ.

ಪ್ರದರ್ಶನದ ಸರಂಜಾಮು ಎಷ್ಟು ಭಾರಿಯೆಂದರೆ, 1980-81ರಲ್ಲಿ ಅದು ನಡೆದದ್ದು ನಾಲ್ಕೇ ಊರುಗಳಲ್ಲಿ: ಲಾಸ್ ಏಂಜಲೀಸ್, ನ್ಯೂಯಾರ್ಕ್ ಬಳಿಯ ಯೂನಿಯನ್‌ಡೇಲ್, ಲಂಡನ್, ಜರ್ಮನಿಯ ಡಾರ್ಟ್‌ಮಂಡ್. ಒಟ್ಟು 31 ಪ್ರದರ್ಶನಗಳು. ಹಾಡು ನಡೆಯುತ್ತಿರುವಾಗಲೇ ಕೆಲಸಗಾರರು ರಟ್ಟಿನ ಇಟ್ಟಿಗೆಗಳನ್ನು ಪೇರಿಸುತ್ತಿದ್ದರು. ಮಧ್ಯಂತರದ ಹೊತ್ತಿಗೆ ಸುಮಾರು 40 ಅಡಿ ಎತ್ತರದ ಗೋಡೆಯ ಹಿಂದೆ ತಂಡವೇ ಮರೆಯಾಗುತ್ತಿತ್ತು. ಕೊನೆಯಲ್ಲಿ ಗೋಡೆ ಕುಸಿಯುತ್ತಿತ್ತು. ಜನ ಚಪ್ಪಾಳೆ ತಟ್ಟುತ್ತಿದ್ದರು.

ಆದರೆ ವೇದಿಕೆಯ ಹಿಂದೆ? ತಂಡದವರ ವಾಹನಗಳನ್ನು ವೃತ್ತಾಕಾರವಾಗಿ, ಬಾಗಿಲುಗಳು ಹೊರಮುಖವಾಗಿರುವಂತೆ ನಿಲ್ಲಿಸಲಾಗಿತ್ತು. ಒಬ್ಬರ ಮುಖ ಒಬ್ಬರು ನೋಡಬೇಕಾಗಿರಲಿಲ್ಲ. ಧ್ವನಿಮುದ್ರಣದ ದಿನಗಳಲ್ಲೇ ತಂಡದಿಂದ ಹೊರದೂಡಲ್ಪಟ್ಟಿದ್ದ ರಿಚರ್ಡ್ ರೈಟ್, ಇಲ್ಲಿ ಸಂಬಳಕ್ಕೆ ನುಡಿಸಿದರು. ಪ್ರದರ್ಶನ ನಷ್ಟವಾಗಿ ಉಳಿದ ಮೂವರು ಅದನ್ನು ಹೊತ್ತರು. ಹಣ ಕಂಡದ್ದು ಸಂಬಳದ ರೈಟ್ ಒಬ್ಬರೇ. ಗೋಡೆ ಕೆಡವುವ ಪಾಠ ಹೇಳುತ್ತಿದ್ದವರ ನಡುವೆಯೇ ಗೋಡೆ ಬೆಳೆಯುತ್ತಿತ್ತು.

1985ರಲ್ಲಿ ವಾಟರ್ಸ್ ತಂಡ ತೊರೆದರು. 1990ರ ಜುಲೈ 21ರಂದು, ಬರ್ಲಿನ್ ಗೋಡೆ ಬಿದ್ದ ಎಂಟು ತಿಂಗಳಿಗೆ, ಅದು ಹಾದುಹೋಗಿದ್ದ ಪಾಟ್ಸ್‌ಡಾಮರ್ ಪ್ಲಾಟ್ಸ್‌ನಲ್ಲೇ ಇತರ ಕಲಾವಿದರ ಜೊತೆ ಈ ಕೃತಿಯನ್ನು ಹಾಡಿದರು. ಎರಡು ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. ಮುಂದೆ 2010ರಿಂದ 2013ರವರೆಗೆ 219 ಪ್ರದರ್ಶನ ಕೊಟ್ಟರು. ಆಗ ಗೋಡೆಯ ಮೇಲೆ ಯುದ್ಧ ಮತ್ತು ಹಿಂಸೆಗೆ ಬಲಿಯಾದವರ ಮುಖಗಳು ಮೂಡಿದವು. ಅವುಗಳಲ್ಲಿ 1944ರಲ್ಲಿ ಇಟಲಿಯ ಆನ್ಜಿಯೋದಲ್ಲಿ ಮಡಿದ ಅವರ ತಂದೆಯದೂ ಒಂದು. ಒಬ್ಬನ ಅಳಲು ಹಲವರ ಅಳಲಾಯಿತು. ಅದೇ ಪ್ರದರ್ಶನದಲ್ಲಿ ಯಹೂದಿ ನಕ್ಷತ್ರದ ಬೆನ್ನಿಗೇ ಡಾಲರ್ ಚಿಹ್ನೆ ಬಂದದ್ದು ಒಂದು ಸಮುದಾಯವನ್ನು ನೋಯಿಸಿತು. ತಮಗೆ ಆ ಉದ್ದೇಶವಿರಲಿಲ್ಲ ಎಂದ ವಾಟರ್ಸ್, ದೃಶ್ಯವನ್ನು ಬದಲಿಸಿದರು. ಗೋಡೆ ಕೆಡವಲು ಹೊರಟವನ ಕೈಯಲ್ಲೂ ಒಂದು ಇಟ್ಟಿಗೆ ಇರಬಹುದು!

2011ರ ಮೇ 12ರಂದು ಲಂಡನ್ನಿನಲ್ಲಿ, ವರ್ಷಗಟ್ಟಲೆ ಮನಸ್ತಾಪವಿದ್ದ ಹಳೆಯ ಜೊತೆಗಾರ ಡೇವಿಡ್ ಗಿಲ್ಮೋರ್ ಆ ಗೋಡೆಯ ತುದಿಯಲ್ಲಿ ನಿಂತು ಗಿಟಾರ್ ನುಡಿಸಿದರು. ಅವರ ನಡುವಿನ ಗೋಡೆಯೂ ಬಿತ್ತೆಂದು ಅಭಿಮಾನಿಗಳು ಹಿಗ್ಗಿದರು. 2023ರಲ್ಲಿ ಆ ವೈಮನಸ್ಯ ಮತ್ತೆ ಬೀದಿಗೆ ಬಂತು.

ಹಾಗಾದರೆ ಇದೆಲ್ಲ ಬರೀ ನಾಟಕವೇ? ಹಾಗೆನ್ನಲು ನಮಗೆ ಬಾಯಿ ಬರುವುದಿಲ್ಲ. ಕಥೆ ಬರೆಯುವ ನಾವೂ ಮನೆಯ ನೋವನ್ನು ಕಥೆ ಮಾಡಿ ಓದುಗರ ಮೆಚ್ಚುಗೆ ಪಡೆಯುತ್ತೇವೆ. ಯಾರನ್ನು ನೋಯಿಸಿದೆವೋ ಅವರ ಬಾಗಿಲು ತಟ್ಟಲು ಮಾತ್ರ ಕಾಲು ಏಳುವುದಿಲ್ಲ. ಸಭೆಯ ಮುಂದೆ ತಪ್ಪೊಪ್ಪಿಕೊಳ್ಳುವುದು ಸುಲಭ; ಒಬ್ಬನ ಮುಂದೆ ಕಷ್ಟ.

ಒಪ್ಪಿಕೊಂಡದ್ದನ್ನೇ ಮತ್ತೆ ಮತ್ತೆ ಒಪ್ಪಿಕೊಳ್ಳುವುದು ದೋಷವಲ್ಲ. ಮನುಷ್ಯನ ಗೋಡೆ ಒಮ್ಮೆ ಬಿದ್ದರೆ ಬಿದ್ದೇ ಇರುವುದಿಲ್ಲ. ರಾತ್ರಿ ಕೆಡವಿದ್ದನ್ನು ಮರುದಿನ ನಾವೇ ಪೇರಿಸುತ್ತೇವೆ. ಚಪ್ಪಾಳೆ ನಿಂತ ಮೇಲೆ ನಾವು ಯಾರ ಬಾಗಿಲಿಗೆ ಹೋದೆವು ಎಂಬುದನ್ನಷ್ಟೇ ಕೇಳಿಕೊಳ್ಳಬೇಕು. ಲೆಕ್ಕಕ್ಕೆ ಬರುವುದು ಅದೊಂದೇ.