ಗೆದ್ದವನ ಮುಖ ಮಾತ್ರ ಕಾಣುವ ಪರದೆ

2006ರಲ್ಲಿ ತೆರೆಕಂಡ 'ಕೆಸಿನೊ ರಾಯಲ್' ಚಿತ್ರದ ಪೋಕರ್ ಆಟದ ಕೊನೆಯ ಸುತ್ತನ್ನು ನೋಡಿದವರು ಸುಲಭವಾಗಿ ಮರೆಯಲಾರರು. ಮೇಜಿನ ಮೇಲೆ 11 ಕೋಟಿ ಡಾಲರಿಗೂ ಹೆಚ್ಚಿನ ಪಣ. ಉಳಿದಿರುವವರು ನಾಲ್ವರು. ಒಬ್ಬೊಬ್ಬರಾಗಿ ಎಲೆ ತೆರೆದಿಡುತ್ತಾರೆ. ಮೊದಲನೆಯವನದು ಫ್ಲಶ್. ಎರಡನೆಯವನದು ಅದನ್ನು ಮೀರಿಸುವ ಫುಲ್ ಹೌಸ್. ಖಳನಾಯಕನದು ಅದಕ್ಕಿಂತಲೂ ದೊಡ್ಡ ಫುಲ್ ಹೌಸ್. ಕೊನೆಗೆ ಜೇಮ್ಸ್ ಬಾಂಡ್ ತನ್ನ ಎಲೆಗಳನ್ನು ತಿರುಗಿಸುತ್ತಾನೆ: ನಾಲ್ಕರಿಂದ ಎಂಟರವರೆಗೆ ಸಾಲಾಗಿ ಐದು, ಎಲ್ಲವೂ ಇಸ್ಪೀಟ್. ಸ್ಟ್ರೇಟ್ ಫ್ಲಶ್!

ಏಳು ಎಲೆಗಳಿಂದ ಐದನ್ನು ಆರಿಸುವ ಈ ಬಗೆಯ ಪೋಕರಿನಲ್ಲಿ ಸ್ಟ್ರೇಟ್ ಫ್ಲಶ್ ಬರುವ ಸಂಭವ ಸುಮಾರು 3,200ಕ್ಕೆ ಒಂದು. ಅದು ಬೇಕಾದ ಸುತ್ತಿನಲ್ಲೇ, ಬೇಕಾದವನ ಕೈಗೇ ಬರುತ್ತದೆ. ಕಾರಣ ಸರಳ. ಚಲನಚಿತ್ರದಲ್ಲಿ ಎಲೆ ಹಂಚುವವನು ಚಿತ್ರಕಥೆಗಾರ. ಅವನ ಎಣಿಕೆಯನ್ನು ನಾವು ನಾಯಕನ ಸಾಮರ್ಥ್ಯವೆಂದು ತಿಳಿಯುತ್ತೇವೆ.

ಆದರೆ ಅದೇ ಚಿತ್ರದ ಇನ್ನೊಂದು ದೃಶ್ಯ ಹೆಚ್ಚು ಆಲೋಚನೆಗೆ ಹಚ್ಚುತ್ತದೆ. ಈ ಗೆಲುವಿಗೆ ಮುನ್ನ ಬಾಂಡ್ ಸರಕಾರ ಕೊಟ್ಟ ಒಂದು ಕೋಟಿ ಡಾಲರನ್ನು ಸೋತಿರುತ್ತಾನೆ. ಇನ್ನೂ 50 ಲಕ್ಷ ಡಾಲರ್ ಕೇಳಿದಾಗ ಖಜಾನೆಯ ಅಧಿಕಾರಿ ವೆಸ್ಪರ್ ಲಿಂಡ್ ನಿರಾಕರಿಸುತ್ತಾಳೆ. ನಿನ್ನನ್ನು ಆಡಿಸುತ್ತಿರುವುದು ಅಹಂಕಾರ ಎಂಬುದು ಆಕೆಯ ವಾದ. ಎದುರಾಳಿ ಭಯೋತ್ಪಾದಕರ ಹಣ ನೋಡಿಕೊಳ್ಳುವವನು. ಬಾಂಡ್ ಸೋತರೆ ಜನರ ತೆರಿಗೆ ಹಣವೇ ಅವರ ಕೈ ಸೇರುತ್ತದೆ. ಆಕೆಯ ಬೇರೆ ಗುಟ್ಟುಗಳು ಏನೇ ಇರಲಿ, ಈ ಮಾತು ನ್ಯಾಯವಾದದ್ದು. ಆದರೆ ಅಮೆರಿಕದ ಗೂಢಚಾರನೊಬ್ಬ ಹಣ ಒದಗಿಸುತ್ತಾನೆ, ಬಾಂಡ್ ಗೆಲ್ಲುತ್ತಾನೆ. ಅಷ್ಟರಿಂದಲೇ ಅವನು ಸರಿ, ಆಕೆ ತಪ್ಪು ಎಂದು ಪ್ರೇಕ್ಷಕನ ಮನಸ್ಸು ತೀರ್ಪು ಕೊಟ್ಟುಬಿಡುತ್ತದೆ.

ಹಾಗಾದರೆ ಒಂದು ಕೃತ್ಯದ ಸರಿತಪ್ಪನ್ನು ಅದರ ಫಲಿತಾಂಶ ನಿರ್ಧರಿಸಬೇಕೇ? 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗಲ್ ಎಂಬ ತತ್ವಚಿಂತಕರು 'ನೈತಿಕ ಅದೃಷ್ಟ' ಎಂಬ ಹೆಸರಿನಲ್ಲಿ ಚರ್ಚೆಗೆತ್ತಿಕೊಂಡದ್ದು ಇದೇ ತೊಡಕನ್ನು. ಮಗಳ ಮದುವೆಗೆ ಕೂಡಿಟ್ಟ ಹಣವನ್ನು ಜೂಜಿಗೆ ಒಡ್ಡಿದ ತಂದೆಯೊಬ್ಬನನ್ನು ಊಹಿಸಿಕೊಳ್ಳಿ. ಸೋತರೆ ಜನರು ಅವನನ್ನು ಮನೆಹಾಳ ಎನ್ನುತ್ತಾರೆ. ಗೆದ್ದರೆ ಗಟ್ಟಿಗ ಎನ್ನುತ್ತಾರೆ. ಎರಡಕ್ಕೂ ನಡುವಿನ ಅಂತರ ಒಂದೇ ಒಂದು ಎಲೆ. ಆದರೆ ಅವನು ಮಗಳಿಗೆ ಮಾಡಿದ ದ್ರೋಹ ಹಣವನ್ನು ಮೇಜಿನ ಮೇಲಿಟ್ಟ ಕ್ಷಣದಲ್ಲೇ ಪೂರ್ಣವಾಗಿತ್ತಲ್ಲವೇ?

ಬಾಂಡ್ ಆಡಿದ್ದು ಒಳ್ಳೆಯ ಉದ್ದೇಶಕ್ಕಾಗಿ ಎನ್ನಬಹುದು. ಗೆದ್ದ ಬಳಿಕ ಎಲೆ ಹಂಚಿದವನಿಗೆ ಅವನು 5 ಲಕ್ಷ ಡಾಲರಿನ ಇನಾಮನ್ನೂ ಕೊಡುತ್ತಾನೆ. ಈ ಔದಾರ್ಯ ಹೊಸತಲ್ಲ. ಇಸ್ಲಾಮಿಗೆ ಮುಂಚಿನ ಅರಬರಲ್ಲಿ 'ಮೈಸಿರ್' ಎಂಬ ಜೂಜಿತ್ತು. ಒಂಟೆಯನ್ನು ಕೊಯ್ದು, ಬಾಣಗಳನ್ನು ಎತ್ತಿ ಮಾಂಸದ ಪಾಲು ನಿರ್ಧರಿಸುತ್ತಿದ್ದರು. ಗೆದ್ದವರು ಮಾಂಸವನ್ನು ಬಡವರಿಗೆ ಹಂಚಿ ಹೆಮ್ಮೆಪಡುತ್ತಿದ್ದರೆಂದು ಕುರ್‌ಆನ್ ವ್ಯಾಖ್ಯಾನಕಾರರು ಬರೆದಿದ್ದಾರೆ. ಆದರೂ ಅದು ನಿಷಿದ್ಧವಾಯಿತು. ಜೂಜಿನಲ್ಲಿ ಜನರಿಗೆ ಕೆಲವು ಲಾಭಗಳಿವೆ ಎಂಬುದನ್ನು ಕುರ್‌ಆನ್ (2:219) ಅಲ್ಲಗಳೆಯುವುದಿಲ್ಲ. ಅದರ ಕೆಡುಕು ಲಾಭಕ್ಕಿಂತ ದೊಡ್ಡದು ಎನ್ನುತ್ತದೆ. ಬಡವನ ತಟ್ಟೆಗೆ ಬಿದ್ದ ಮಾಂಸಕ್ಕೆ ಬೆಲೆ ತೆತ್ತವನು ಗೆದ್ದ ದಾನಿಯಲ್ಲ, ಸೋತವನು. ದಾನದ ಕೀರ್ತಿ ಮಾತ್ರ ಗೆದ್ದವನಿಗೆ.

ಪೋಕರ್ ಜಾಣ್ಮೆಯ ಆಟ ಎಂಬ ವಾದದಲ್ಲಿ ಹುರುಳಿಲ್ಲದಿಲ್ಲ. ದೀರ್ಘಾವಧಿಯಲ್ಲಿ ನುರಿತವನು ಎಳಸನನ್ನು ಸೋಲಿಸುತ್ತಾನೆ. ಆದರೆ ಜಾಣ್ಮೆ ಹಣವನ್ನು ಉತ್ಪಾದಿಸುವುದಿಲ್ಲ. ನ್ಯಾಯವಾದ ವ್ಯಾಪಾರದಲ್ಲಿ ಕೊಟ್ಟವನಿಗೂ ಕೊಂಡವನಿಗೂ ಏನಾದರೊಂದು ದಕ್ಕುತ್ತದೆ. ಇಲ್ಲಿ ಒಬ್ಬನ ಗಳಿಕೆಯೇ ಇನ್ನೊಬ್ಬನ ನಷ್ಟ.

'ರೌಂಡರ್ಸ್' (1998) ಚಿತ್ರದ ಆರಂಭದಲ್ಲಿ ಕಾನೂನು ವಿದ್ಯಾರ್ಥಿಯೊಬ್ಬ ತನ್ನ 30,000 ಡಾಲರನ್ನು ಒಂದೇ ಸುತ್ತಿನಲ್ಲಿ ಕಳೆದುಕೊಳ್ಳುತ್ತಾನೆ. ಮುಂದೆ ಪ್ರೇಯಸಿಯೂ ದೂರವಾಗುತ್ತಾಳೆ, ಓದೂ ನಿಲ್ಲುತ್ತದೆ. ಆದರೂ ಕೊನೆಯಲ್ಲಿ ಅವನು ಲಾಸ್ ವೇಗಸ್‌ಗೆ ಹೊರಡುವುದನ್ನು ಚಿತ್ರ ಬಿಡುಗಡೆಯೆಂಬಂತೆ ತೋರಿಸುತ್ತದೆ. 2003ರಲ್ಲಿ ಕ್ರಿಸ್ ಮನಿಮೇಕರ್ ಎಂಬ ಲೆಕ್ಕಿಗ ಅದೇ ನಗರದ ವಿಶ್ವ ಪೋಕರ್ ಸರಣಿಯಲ್ಲಿ 25 ಲಕ್ಷ ಡಾಲರ್ ಗೆದ್ದ. ಆ ವರ್ಷ ಮುಖ್ಯ ಸ್ಪರ್ಧೆಯಲ್ಲಿ ಆಡಿದವರು 839 ಮಂದಿ. ಮರುವರ್ಷ 2,576. ಜಗತ್ತು ನೆನಪಿಟ್ಟುಕೊಂಡದ್ದು ಅವನ ಹೆಸರನ್ನು. ಬರಿಗೈಯಲ್ಲಿ ಮರಳಿದವರ ಹೆಸರುಗಳನ್ನಲ್ಲ.

ಎಲ್ಲ ಚಿತ್ರಗಳೂ ಹೀಗಿಲ್ಲ ಎಂಬುದನ್ನು ಹೇಳಲೇಬೇಕು. ರಾಬರ್ಟ್ ಆಲ್ಟ್‌ಮನ್ ನಿರ್ದೇಶಿಸಿದ 'ಕ್ಯಾಲಿಫೋರ್ನಿಯಾ ಸ್ಪ್ಲಿಟ್' (1974) ಚಿತ್ರದಲ್ಲಿ ಸಾಲದಲ್ಲಿ ಮುಳುಗಿದವನೊಬ್ಬ ಕೊನೆಗೂ ದೊಡ್ಡ ಮೊತ್ತ ಗೆಲ್ಲುತ್ತಾನೆ. ಜೊತೆಗಾರ ಸಂಭ್ರಮಿಸುತ್ತಿದ್ದರೆ ಗೆದ್ದವನೊಳಗೆ ಏನೂ ಮಿಡಿಯುವುದಿಲ್ಲ. ಅವನು ಎದ್ದು ಮನೆಗೆ ಹೊರಡುತ್ತಾನೆ. ಗೆಲುವಿನ ಟೊಳ್ಳುತನವನ್ನು ಇಷ್ಟು ಪ್ರಾಮಾಣಿಕವಾಗಿ ತೋರಿಸಿದ ಚಿತ್ರಗಳು ವಿರಳ.

ನಮ್ಮ ಮನೆಯ ಯುವಕರು ಇಂತಹ ದೃಶ್ಯಗಳನ್ನು ನೋಡುವುದನ್ನು ನಾವು ತಡೆಯಲಾರೆವು. ಆದರೆ ಜೊತೆಯಲ್ಲಿ ಕುಳಿತು ಒಂದು ಪ್ರಶ್ನೆ ಕೇಳಬಹುದು. ಆ ಐದು ಎಲೆಗಳು ಬಾರದೇ ಇದ್ದಿದ್ದರೆ ಈ ನಾಯಕನನ್ನು ನೀನು ಏನೆಂದು ಕರೆಯುತ್ತಿದ್ದೆ? ಆಗ ಬರುವ ಉತ್ತರವೇ ಅವನ ಬಗೆಗಿನ ಸರಿಯಾದ ತೀರ್ಪು. ಎಲೆಗಳು ಬಂದ ಮಾತ್ರಕ್ಕೆ ಅದು ಬದಲಾಗಬೇಕಾಗಿಲ್ಲ.